ಹಳೆಯ ಬೋರ್ಡೊ, ಕದ್ರಾದ ಸೆಕೆ

ವೈನ್ ಹಳೆಯದಾದಷ್ಟೂ ರುಚಿ ಎಂಬ ಮಾತು ಕಾರವಾರ, ಅಂಕೋಲಾ ಕಡೆ ಒಂದು ಹನಿಯೂ ಕುಡಿಯದವರ ಬಾಯಲ್ಲೂ ಇದೆ. ಪಕ್ಕದಲ್ಲೇ ಗೋವಾ. ಹಡಗಿನಲ್ಲಿ ದುಡಿಯುವ ನೆಂಟರು, ಹೊರದೇಶದಲ್ಲಿ ನೆಲೆಸಿದ ಮಕ್ಕಳು, ಕೈಗಾ ಅಣುವಿದ್ಯುತ್ ಸ್ಥಾವರದ ಕೆಲಸಕ್ಕೆಂದು ನಾನಾ ರಾಜ್ಯಗಳಿಂದ ಬಂದ ಕುಟುಂಬಗಳು. ಹೀಗಿರುವಾಗ ಕದ್ರಾ ಅಥವಾ ಮಲ್ಲಾಪುರದ ಒಂದು ಮನೆಯ ಕಪಾಟಿಗೆ ಒಳ್ಳೆಯ ಫ್ರೆಂಚ್ ಕೆಂಪು ವೈನಿನ ಬಾಟಲಿ ಬಂದು ಸೇರಿದರೆ ಆಶ್ಚರ್ಯವಿಲ್ಲ. ಬಂದದ್ದನ್ನು ಯಾರೂ ತೆರೆಯುವುದಿಲ್ಲ. ‘ಇರಲಿ, ಇನ್ನಷ್ಟು ಹಳೆಯದಾಗಲಿ’ ಎಂದು ಎತ್ತಿಡುತ್ತಾರೆ. ಹಾಗೆ ಎತ್ತಿಟ್ಟದ್ದು ನಿಜಕ್ಕೂ ಒಳ್ಳೆಯದಾಗುತ್ತಿದೆಯೇ? ಆಗಿದ್ದರೆ ಅದನ್ನು ಗುರುತಿಸುವುದು ಹೇಗೆ? ಕುಡಿಯುವವರಿಗೂ ಕುಡಿಯದವರಿಗೂ ಅರ್ಥವಾಗುವಂತೆ ಇದನ್ನು ಬಿಡಿಸಿ ನೋಡಬಹುದು.

ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಕೆಲವೇ ವರ್ಷಗಳೊಳಗೆ ಕುಡಿದು ಮುಗಿಸಲೆಂದೇ ಮಾಡಿದ್ದು. ಅದನ್ನು ಇಟ್ಟರೆ ಹಾಳಾಗುತ್ತದೆ, ಅಷ್ಟೆ. ಇಟ್ಟು ಕುಡಿಯುವ ವೈನ್ ಎಂಬ ಹೆಸರು ಪಡೆದ ಕೆಲವು ಪ್ರದೇಶಗಳಲ್ಲಿ ಬೋರ್ಡೊ ಮೊದಲನೆಯದು. ಫ್ರಾನ್ಸಿನ ನೈಋತ್ಯದಲ್ಲಿ ಗಾರೋನ್ ಮತ್ತು ದೋರ್ದೋನ್ಯ ನದಿಗಳು ಕೂಡಿ ಜಿರೋಂದ್ ಎಂಬ ದೊಡ್ಡ ಅಳಿವೆಯಾಗಿ ಅಟ್ಲಾಂಟಿಕ್ ಸೇರುತ್ತವೆ. ಅಳಿವೆಯ ಎಡದಂಡೆಯ ಮೆಡೊಕ್‌ನಲ್ಲಿ ನೆಲವೆಲ್ಲ ಗುಂಡುಗಲ್ಲಿನ ಗರಸು. ನೀರು ನಿಲ್ಲುವುದಿಲ್ಲ, ಹಗಲಿನ ಬಿಸಿಯನ್ನು ಕಲ್ಲು ರಾತ್ರಿಗೆ ಹಿಡಿದಿಡುತ್ತದೆ. ಅಲ್ಲಿ ಕ್ಯಾಬರ್ನೆ ಸಾವಿನ್ಯೋನ್ ದ್ರಾಕ್ಷಿ ಹಣ್ಣಾಗುತ್ತದೆ. ಕಾಯಿ ಸಣ್ಣದು, ಸಿಪ್ಪೆ ದಪ್ಪ. ಬಲದಂಡೆಯ ಸೇಂತೆಮಿಲಿಯೋನ್, ಪೊಮೆರೋಲ್‌ಗಳಲ್ಲಿ ಜೇಡಿ ಮತ್ತು ಸುಣ್ಣದ ನೆಲ, ಅಲ್ಲಿ ಮೃದುವಾದ ಮೆರ್ಲೊ ಮೇಲುಗೈ. ಬೋರ್ಡೊ ಕೆಂಪು ವೈನ್ ಸಾಮಾನ್ಯವಾಗಿ ಇವೆರಡರ ಬೆರಕೆ, ಜತೆಗೆ ಕ್ಯಾಬರ್ನೆ ಫ್ರಾಂಕ್‌ನಂಥ ಒಂದೆರಡು ತಳಿ. ಉತ್ತಮ ದರ್ಜೆಯದನ್ನು 225 ಲೀಟರಿನ ಓಕ್ ಪೀಪಾಯಿಗಳಲ್ಲಿ ವರ್ಷ, ಒಂದೂವರೆ ವರ್ಷ ಇಟ್ಟು ಆಮೇಲೆ ಬಾಟಲಿಗೆ ತುಂಬುತ್ತಾರೆ.

1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕಾಗಿ ಮೂರನೆಯ ನೆಪೋಲಿಯನ್ ಕೇಳಿದನೆಂದು ಬೋರ್ಡೊದ ದಲ್ಲಾಳಿಗಳು ಮೆಡೊಕ್ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಆಧಾರ ರುಚಿಯಲ್ಲ, ಪೇಟೆಯಲ್ಲಿ ಅವಕ್ಕೆ ಸಿಗುತ್ತಿದ್ದ ಬೆಲೆ. ಆ ಪಟ್ಟಿಗೆ ಆಮೇಲೆ ಆದ ದೊಡ್ಡ ತಿದ್ದುಪಡಿ ಒಂದೇ. 1973ರಲ್ಲಿ ಮೂತೋ ರೋತ್‌ಶೀಲ್ಡ್ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿತು. ವ್ಯಾಪಾರಿಗಳ ದರಪಟ್ಟಿ ಇಂದಿಗೂ ರುಚಿಯ ಶಾಸನವಾಗಿ ಉಳಿದಿದೆ ಎಂಬುದನ್ನು ನೆನಪಿಟ್ಟುಕೊಂಡರೆ, ಲೇಬಲ್ ನೋಡಿ ಬೆರಗಾಗುವುದು ಅರ್ಧ ಕಡಿಮೆಯಾಗುತ್ತದೆ.

ವೈನ್ ಹಳೆಯದಾಗುವುದೆಂದರೆ ಬಾಟಲಿಯೊಳಗೆ ಏನಾಗುತ್ತದೆ? ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಗುಡ್ಡಗಳಲ್ಲಿ ಗೇರುಹಣ್ಣು ಕಚ್ಚಿದವರಿಗೆ ನಾಲಗೆ ಒರಟಾಗಿ ಗಂಟಲು ಹಿಡಿದುಕೊಳ್ಳುವ ಅನುಭವ ಗೊತ್ತು. ಆ ಒಗರಿಗೆ ಕಾರಣ ಟ್ಯಾನಿನ್. ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ, ಬಾಯಿಯ ಜಾರುವಿಕೆ ಹೋಗಿಬಿಡುತ್ತದೆ. ದ್ರಾಕ್ಷಿಯ ಸಿಪ್ಪೆಯಲ್ಲೂ ಬೀಜದಲ್ಲೂ ಇರುವುದು ಇದೇ ಕುಲದ ವಸ್ತು. ಎಳೆಯ ಬೋರ್ಡೊ ಬಾಯಿಗೆ ಒರಟಾಗಿ ಹತ್ತುವುದು ಅದರಿಂದಲೇ. ವರ್ಷ ಕಳೆದಂತೆ ಟ್ಯಾನಿನ್ ಕಣಗಳು ಒಂದಕ್ಕೊಂದು, ಹಾಗೂ ಸಿಪ್ಪೆಯ ಬಣ್ಣದ ಕಣಗಳಿಗೆ ಹೆಣೆದುಕೊಂಡು ದೊಡ್ಡವಾಗುತ್ತವೆ. ತೀರ ದೊಡ್ಡವಾದವು ಕರಗಿ ನಿಲ್ಲಲಾರದೆ ತಳಕ್ಕೆ ಇಳಿಯುತ್ತವೆ. ಹಳೆಯ ಬಾಟಲಿಯ ತಳದಲ್ಲಿ ಕಾಣುವ ಗಸಿ ಕೊಳೆಯಲ್ಲ, ಹಾಗೆ ಇಳಿದ ಬಣ್ಣ ಮತ್ತು ಒಗರು. ಮೇಲೆ ಉಳಿದ ವೈನು ತಿಳಿಯಾಗುತ್ತದೆ, ಮೆತ್ತಗಾಗುತ್ತದೆ. ಹಣ್ಣಿನ ವಾಸನೆ ತಗ್ಗಿ, ಒಣಗಿದ ಎಲೆ, ಚರ್ಮ, ಹೊಗೆಸೊಪ್ಪು, ಅಣಬೆ ಇವುಗಳ ವಾಸನೆ ಏಳುತ್ತದೆ.

ಇದೆಲ್ಲ ನಡೆಯುವುದು ತಂಪಿನಲ್ಲಿ, ಕತ್ತಲಲ್ಲಿ, ನಿಧಾನವಾಗಿ. ಸುಮಾರು 12ರಿಂದ 14 ಡಿಗ್ರಿ, ಏರಿಳಿತವಿಲ್ಲದ ನೆಲಮಾಳಿಗೆ. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಅಂದಾಜು ಸೂತ್ರ. ಈಗ ಕದ್ರಾವನ್ನು ನೋಡಿ. ಕಾಳಿ ಕಣಿವೆಯಲ್ಲಿ, ಸುತ್ತ ಘಟ್ಟ, ಎದುರಿಗೆ ಜಲಾಶಯ. ಬೇಸಿಗೆಯ ಹಗಲು ಮೂವತ್ತು ದಾಟುತ್ತದೆ, ರಾತ್ರಿಯೂ ಹೆಚ್ಚು ಇಳಿಯುವುದಿಲ್ಲ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಹಳೆಯ ಚಿರೇಕಲ್ಲಿನ ಮನೆ ಹಗಲಿಗೆ ಕೊಂಚ ತಂಪು, ಆದರೆ ನೆಲಮಾಳಿಗೆಯ ತಂಪಲ್ಲ. ಹಂಚಿನ ಕೆಳಗಿನ ಅಟ್ಟವಂತೂ ಒಲೆ. ಹೀಗಾಗಿ ಬೋರ್ಡೊದಲ್ಲಿ ಹದಿನೈದು ವರ್ಷ ಹಿಡಿಯುವ ಬದಲಾವಣೆ ಇಲ್ಲಿ ನಾಲ್ಕೈದು ವರ್ಷಕ್ಕೇ ಮುಗಿದೀತು. ತೊಂದರೆ ಅಷ್ಟೇ ಅಲ್ಲ. ಬಿಸಿಯಲ್ಲಿ ಎಲ್ಲ ಕ್ರಿಯೆಗಳೂ ಒಂದೇ ಅಳತೆಯಲ್ಲಿ ವೇಗ ಪಡೆಯುವುದಿಲ್ಲ. ಹಣ್ಣಿನ ವಾಸನೆ ಬೇಗ ಸುಟ್ಟುಹೋಗುತ್ತದೆ, ಒಗರು ಮೆತ್ತಗಾಗುವ ಹೊತ್ತಿಗೆ ಜತೆಗೆ ಇರಬೇಕಾದ್ದು ಏನೂ ಉಳಿದಿರುವುದಿಲ್ಲ. ಆ ವೈನು ವಯಸ್ಸಾದದ್ದಲ್ಲ, ಬೆಂದದ್ದು.

ಇದಕ್ಕೆ ಎದುರಾಗಿ ಒಂದು ಹಳೆಯ ಕಥೆಯಿದೆ, ಅದರಲ್ಲಿ ನಮ್ಮ ದೇಶವೂ ಬರುತ್ತದೆ. ಮೆಡೊಕ್‌ನ ಸೇಂತೆಸ್ತೆಫ್‌ನಲ್ಲಿ ಲೂಯಿ ಗಾಸ್ಪಾರ್ ದೆಸ್ತೂರ್ನೆಲ್ ಎಂಬ ತೋಟಗಾರನಿದ್ದ. 19ನೆಯ ಶತಮಾನದ ಮೊದಲ ಅರ್ಧದಲ್ಲಿ ಅವನು ತನ್ನ ವೈನನ್ನು ಭಾರತಕ್ಕೆ ಹಡಗಿನಲ್ಲಿ ಕಳಿಸುತ್ತಿದ್ದ. ಇಲ್ಲಿ ಮಾರಾಟವಾಗದೆ ಮರಳಿ ಹೋದದ್ದು ಮೊದಲಿಗಿಂತ ರುಚಿಯಾಗಿದೆ ಎಂದು ಕಂಡು, ‘ಭಾರತದಿಂದ ಮರಳಿದ್ದು’ ಎಂಬ ಗುರುತು ಹಾಕಿ ಮಾರಿದನೆಂದು ಕೋ ದೆಸ್ತೂರ್ನೆಲ್ ಎಂಬ ಅವನ ತೋಟ ಇಂದಿಗೂ ಹೇಳಿಕೊಳ್ಳುತ್ತದೆ. ಅವನು ಕಟ್ಟಿಸಿದ ವೈನ್ ಉಗ್ರಾಣಕ್ಕೆ ಏಷ್ಯಾದ ಗೋಪುರಗಳಿವೆ, ಅವನಿಗೆ ‘ಸೇಂತೆಸ್ತೆಫ್‌ನ ಮಹಾರಾಜ’ ಎಂಬ ಅಡ್ಡಹೆಸರೂ ಬಂತು. ಹಾಗಾದರೆ ಸೆಕೆ ವೈನಿಗೆ ಒಳ್ಳೆಯದೇ? ಕಥೆಯನ್ನು ಅಷ್ಟಕ್ಕೇ ನಿಲ್ಲಿಸಬಾರದು. ಆ ವೈನು ಎಳೆಯದು, ಗಟ್ಟಿ ಒಗರಿನದು. ಬಿಸಿ ಕಂಡದ್ದು ಪ್ರಯಾಣದ ತಿಂಗಳುಗಳಲ್ಲಿ, ಆಮೇಲೆ ಮತ್ತೆ ತಂಪು ನೆಲಮಾಳಿಗೆಗೆ ಸೇರಿತು. ಒರಟುತನ ಸ್ವಲ್ಪ ಬೇಗ ಇಳಿದಿರಬಹುದು. ಅದನ್ನು ಹತ್ತು ಬೇಸಿಗೆ ಕಪಾಟಿನಲ್ಲಿ ಇಡುವುದಕ್ಕೆ ಸಮರ್ಥನೆಯಾಗಿ ತರಲಾಗದು. ಸೆಕೆಯಿಂದ ನಿಜವಾಗಿ ಲಾಭ ಪಡೆದದ್ದು ಮದೇರಾ ದ್ವೀಪದ ವೈನು. ಅದಕ್ಕೆ ಮದ್ಯಸಾರ ಬೆರೆಸಿ ಗಟ್ಟಿ ಮಾಡಿರುತ್ತಾರೆ, ಬಿಸಿ ಮಾಡುವುದೇ ಅದರ ತಯಾರಿಕೆಯ ಭಾಗ. ಪೂರ್ವದೇಶಗಳಿಗೆ ಬರುತ್ತಿದ್ದ ಹಡಗುಗಳು ಮದೇರಾ ಪೀಪಾಯಿಗಳನ್ನು ತುಂಬಿಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ.

ಇನ್ನು ರುಚಿ ನೋಡುವ ಕೆಲಸ. ಅದು ಬಿರಡೆ ತೆಗೆಯುವ ಮೊದಲೇ ಶುರುವಾಗುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ವೈನು ಎಲ್ಲಿವರೆಗೆ ಇದೆ ನೋಡಿ. ಕುತ್ತಿಗೆಯಲ್ಲೇ ಇದ್ದರೆ ಒಳ್ಳೆಯದು. ಇಪ್ಪತ್ತು, ಮೂವತ್ತು ವರ್ಷದ್ದಾದರೆ ಭುಜದ ಮೇಲ್ಭಾಗಕ್ಕೆ ಇಳಿದಿರುವುದು ಸಹಜ. ಹತ್ತೇ ವರ್ಷದ್ದು ಭುಜದ ನಡುವಿಗೆ ಇಳಿದಿದ್ದರೆ ಬಿರಡೆ ಸೋರಿದೆ, ಗಾಳಿ ಒಳಗೆ ಹೋಗಿದೆ. ಬಿರಡೆ ಮೇಲಕ್ಕೆ ಉಬ್ಬಿ ಬಂದಿದ್ದರೆ, ಮುಚ್ಚಳದ ಅಂಚಿನಲ್ಲಿ ಜಿಗುಟು ಕಲೆಯಿದ್ದರೆ ಬಾಟಲಿ ಎಲ್ಲೋ ಬಿಸಿಯಲ್ಲಿ ಉಕ್ಕಿದೆ ಎಂದರ್ಥ. ಬಿಸಿಲು ಬೀಳುವ ಷೋಕೇಸಿನಲ್ಲಿ ನಿಂತ ಬಾಟಲಿಯನ್ನು ಹಳೆಯದೆಂಬ ಕಾರಣಕ್ಕೆ ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದು ದಡ್ಡತನ. ಅಗ್ಗವೆಂದು ಗೋವಾದಲ್ಲಿ ಕೊಂಡು ಮಾಜಾಳಿಯ ತಪಾಸಣಾ ಠಾಣೆ ದಾಟಿಸುವ ಆಸೆಯೂ ಬೇಡ. ಪರವಾನಗಿ ಇಲ್ಲದೆ ತರುವುದು ಅಬಕಾರಿ ಅಪರಾಧ.

ತೆರೆಯುವ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದರೆ ಗಸಿ ತಳ ಸೇರುತ್ತದೆ. ಹಳೆಯ ಬಿರಡೆ ಪುಡಿಯಾಗುವುದುಂಟು, ಅವಸರ ಬೇಡ. ಅಲುಗಿಸದೆ ನಿಧಾನವಾಗಿ ಗಾಜಿನ ಹೂಜಿಗೆ ಬಗ್ಗಿಸಿ, ಕುತ್ತಿಗೆಯ ಹಿಂದೆ ದೀಪವಿಟ್ಟುಕೊಂಡು ಗಸಿ ಬರುವುದು ಕಂಡ ಕೂಡಲೇ ನಿಲ್ಲಿಸಬೇಕು. ಎಳೆಯ ವೈನಿಗೆ ಗಾಳಿಯಾಡಲು ಗಂಟೆಗಟ್ಟಲೆ ಬಿಡುತ್ತಾರೆ. ಮುದಿ ವೈನಿಗೆ ಆ ತ್ರಾಣವಿಲ್ಲ, ಅರ್ಧ ಗಂಟೆಯಲ್ಲಿ ಅದರ ವಾಸನೆ ಹಾರಿಹೋದೀತು. ಇನ್ನೊಂದು ಮಾತು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂದು ಪುಸ್ತಕಗಳು ಹೇಳುವುದು ಯುರೋಪಿನ ತಣ್ಣನೆಯ ಕೋಣೆಯನ್ನು ಕುರಿತು, 16ರಿಂದ 18 ಡಿಗ್ರಿ. ಕದ್ರಾದ ಕೋಣೆಯ ಉಷ್ಣತೆಯಲ್ಲಿ ಮೂಗಿಗೆ ಹತ್ತುವುದು ಮದ್ಯಸಾರ ಮಾತ್ರ. ಫ್ರಿಜ್ಜಿನಲ್ಲಿ ಮುಕ್ಕಾಲು ಗಂಟೆ ಇಟ್ಟು ತೆಗೆಯಿರಿ, ಯಾರೂ ನಗುವುದಿಲ್ಲ. ನಕ್ಕರೆ ಅವರಿಗೆ ಸೆಕೆ ಗೊತ್ತಿಲ್ಲ.

ಬಣ್ಣ ಮೊದಲು. ಬಿಳಿ ಕಾಗದದ ಮೇಲೆ ಗ್ಲಾಸನ್ನು ಓರೆ ಮಾಡಿ ಅಂಚು ನೋಡಬೇಕು. ಎಳೆಯ ಬೋರ್ಡೊದ ಅಂಚು ನೇರಳೆ ಛಾಯೆಯದು. ಹತ್ತು ಹದಿನೈದು ವರ್ಷಕ್ಕೆ ನಡುಭಾಗ ದಾಳಿಂಬೆಗೆ, ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಇಡೀ ಗ್ಲಾಸು ಚಹಾದಂತೆ ಕಂದಾಗಿದ್ದರೆ ಕಾಲ ಮೀರಿದೆ. ವರ್ಷ ಹತ್ತೇ ಆಗಿದ್ದು ಬಣ್ಣ ಮೂವತ್ತರದ್ದಾಗಿದ್ದರೆ, ಅದು ಸೆಕೆಯ ಸಾಕ್ಷಿ.

ಆಮೇಲೆ ವಾಸನೆ. ನನ್ನ ಮಟ್ಟಿಗೆ ತೀರ್ಪಿನ ಮುಕ್ಕಾಲು ಪಾಲು ಇಲ್ಲೇ ಆಗುತ್ತದೆ. ಗ್ಲಾಸನ್ನು ಅಲ್ಲಾಡಿಸದೆ ಒಮ್ಮೆ, ಸುತ್ತಿಸಿ ಇನ್ನೊಮ್ಮೆ ಮೂಸಬೇಕು. ಪುಸ್ತಕಗಳಲ್ಲಿ ಬ್ಲ್ಯಾಕ್‌ಕರಂಟ್, ಸೀಡರ್ ಮರ, ಸಿಗಾರ್ ಪೆಟ್ಟಿಗೆ ಎಂದೆಲ್ಲ ಬರೆದಿರುತ್ತದೆ. ಬ್ಲ್ಯಾಕ್‌ಕರಂಟ್ ಕಂಡೇ ಇರದ ನಮ್ಮವರು ಅದನ್ನು ಉರುಹೊಡೆದು ಒಪ್ಪಿಸುವುದು ನೋಡಲು ಕಷ್ಟ. ಆ ಪದಗಳು ಅಲ್ಲಿಯ ತೋಟ, ಅಲ್ಲಿಯ ಅಂಗಡಿಯಿಂದ ಬಂದವು. ನಮ್ಮ ಮೂಗಿಗೆ ನೇರಳೆ ಹಣ್ಣು ಗೊತ್ತು, ಕವಳಿ ಹಣ್ಣು ಗೊತ್ತು, ಒಣಗಿದ ಮುರುಗಲ ಸಿಪ್ಪೆ ಗೊತ್ತು, ಕವಳದ ಸಂಚಿಯಲ್ಲಿನ ಹೊಗೆಸೊಪ್ಪು ಗೊತ್ತು. ಮೊದಲ ಮಳೆಗೆ ನೆನೆದ ತರಗೆಲೆಯ ವಾಸನೆ ಕದ್ರಾದ ಕಾಡಿನಂಚಿನ ಮಗುವಿಗೂ ಗೊತ್ತು. ಅದೇ ವಾಸನೆಯನ್ನು ಫ್ರೆಂಚರು ಹಳೆಯ ಬೋರ್ಡೊದ ಹೆಗ್ಗುರುತು ಎನ್ನುತ್ತಾರೆ. ಮೂಗಿಗೆ ತಿಳಿದ ಹೆಸರನ್ನೇ ಹೇಳಿ. ಮುಖ್ಯವಾದದ್ದು ಇದು: ವಯಸ್ಸಿನ ವಾಸನೆಯ ಹಿಂದೆ ಒಂದಿಷ್ಟಾದರೂ ಹಣ್ಣು ಉಳಿದಿದೆಯೇ? ಎರಡೂ ಇದ್ದರೆ ವೈನು ತನ್ನ ಒಳ್ಳೆಯ ಕಾಲದಲ್ಲಿದೆ. ಬರೀ ಹಣ್ಣಾದರೆ ಇನ್ನೂ ಎಳೆಯದು. ಬರೀ ತರಗೆಲೆಯಾದರೆ ತಡವಾಯಿತು.

ದೋಷ ಮತ್ತು ವಯಸ್ಸನ್ನು ಒಂದಕ್ಕೊಂದು ಬೆರೆಸಬಾರದು. ಮಳೆಗಾಲದಲ್ಲಿ ನೆನೆದ ರಟ್ಟಿನ ಮುಗ್ಗಲು ವಾಸನೆ ಬಂದರೆ ಅದು ಬಿರಡೆಯ ದೋಷ. ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಲೀಟರಿಗೆ ಕೆಲವೇ ನ್ಯಾನೋಗ್ರಾಮ್ ಇದ್ದರೂ ಸಾಕು, ವೈನು ಮಂಕಾಗುತ್ತದೆ. ಬೋರ್ಡೊದ ಮೊದಲ ದರ್ಜೆಯ ಲಾಫೀತ್ ಆದರೂ ಅಷ್ಟೇ, ಇನ್ನೂರು ರೂಪಾಯಿಯದಾದರೂ ಅಷ್ಟೇ. ವಿನೆಗರ್ ಅಥವಾ ಉಗುರುಬಣ್ಣದ ಘಾಟು ಬಂದರೆ ಬ್ಯಾಕ್ಟೀರಿಯಾದ ಕೆಲಸ. ಬೇಯಿಸಿದ ಒಣದ್ರಾಕ್ಷಿಯಂತೆ, ಸುಟ್ಟ ಸಕ್ಕರೆಯಂತೆ ಬಂದರೆ ಮತ್ತೆ ಅದೇ ಸೆಕೆ.

ಬಾಯಿಗೆ ಒಂದು ಸಣ್ಣ ಗುಟುಕು ಸಾಕು. ನಾಲಗೆಯ ಮೇಲೆಲ್ಲ ಆಡಿಸಿ, ಬೇಕಾದರೆ ಉಗುಳಿ. ವೃತ್ತಿಪರರು ಉಗುಳುತ್ತಾರೆ. (ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ನಿರಪಾಯವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕೆಂಪು ವೈನು ಹೃದಯಕ್ಕೆ ಔಷಧ ಎಂಬ ಮಾತನ್ನು ಇಲ್ಲಿಗೇ ಬಿಡಬಹುದು.) ಹುಳಿ, ಒಗರು, ಮದ್ಯಸಾರದ ಬಿಸಿ, ಹಣ್ಣು: ಇವುಗಳಲ್ಲಿ ಯಾವುದೂ ಮಿಕ್ಕವನ್ನು ತುಳಿಯಬಾರದು. ಹಳೆಯ ವೈನಿನಲ್ಲಿ ಹಣ್ಣು ಸತ್ತು ಹುಳಿಯಷ್ಟೇ ಉಳಿದಿರುವುದುಂಟು. ನುಂಗಿದ ಮೇಲೆ, ಅಥವಾ ಉಗುಳಿದ ಮೇಲೆ, ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಣಿಸಿ. ನಾಲ್ಕೈದು ಸೆಕೆಂಡಿಗೆ ಮುಗಿದರೆ ಸಾಧಾರಣ. ಹದಿನೈದು ಇಪ್ಪತ್ತರವರೆಗೆ ನಿಂತು, ನಿಂತಷ್ಟು ಹೊತ್ತೂ ಹಿತವಾಗಿದ್ದರೆ ಅದು ದೊಡ್ಡ ವೈನು. ಪರೀಕ್ಷಕರ ಶಾಲೆಗಳಲ್ಲಿ ಕೇಳುವುದೂ ಇಷ್ಟೇ: ಸಮತೋಲವಿದೆಯೇ, ನಿಲ್ಲುತ್ತದೆಯೇ, ವಾಸನೆ ಎಷ್ಟು ಗಾಢ, ಎಷ್ಟು ಪದರ. ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಜನಪ್ರಿಯಗೊಳಿಸಿದ ನೂರು ಅಂಕಗಳ ಪದ್ಧತಿ ಇದನ್ನೇ ಸಂಖ್ಯೆಯಾಗಿಸಿತು. ಅದರಲ್ಲಿ ಐವತ್ತು ಅಂಕ ಬಾಟಲಿ ಹಾಜರಾದದ್ದಕ್ಕೇ ಸಿಗುತ್ತದೆ. ನಮ್ಮ ಯಾವ ಮೇಷ್ಟರೂ ಅಷ್ಟು ಉದಾರಿಗಳಾಗಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಕಣ್ಣು ಮೋಸ ಮಾಡುತ್ತದೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಡೆದದ್ದು ಬೋರ್ಡೊದಲ್ಲೇ. ಫ್ರೆದೆರಿಕ್ ಬ್ರೋಶೆ ಮತ್ತು ಸಂಗಡಿಗರು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ವೈನ್ ವಿದ್ಯೆ ಓದುತ್ತಿದ್ದ 54 ಜನರಿಗೆ ಕೊಟ್ಟರು. ಅವರು ಅದನ್ನು ವರ್ಣಿಸಲು ಬಳಸಿದ್ದು ಕೆಂಪು ವೈನಿನ ಮಾತುಗಳನ್ನು. ಹಾಗಾಗಿ ಗಂಭೀರ ಪರೀಕ್ಷೆಯಲ್ಲಿ ಬಾಟಲಿಗೆ ಕಾಗದ ಸುತ್ತುತ್ತಾರೆ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಹಾಗೆ ಸುತ್ತಿಟ್ಟ ವೈನುಗಳನ್ನು ಫ್ರೆಂಚ್ ಪರಿಣತರ ಮುಂದಿಟ್ಟಾಗ, ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973, ಮೂತೋ ರೋತ್‌ಶೀಲ್ಡ್ 1970ನ್ನು ಹಿಂದಿಕ್ಕಿತು. ಅಮೆರಿಕದ್ದು ಎಳೆಯದರಲ್ಲಿ ಗೆದ್ದಿತು, ಬೋರ್ಡೊ ಮಾತ್ರ ವಯಸ್ಸಾದಂತೆ ಮೇಲೇರುತ್ತದೆ ಎಂದು ಫ್ರೆಂಚರು ಸಮಾಧಾನ ಹೇಳಿಕೊಂಡರು. ಮೂವತ್ತು ವರ್ಷಗಳ ನಂತರ, 2006ರಲ್ಲಿ, ಅವೇ ಕೆಂಪು ವೈನುಗಳನ್ನು ಮತ್ತೆ ತೆರೆದರು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ ಹೋದವು.

ಮೋಸ ಬರೀ ಕಣ್ಣಿನದಲ್ಲ. 1985ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1787ರ ಲಾಫೀತ್ ಎನ್ನಲಾದ ಬಾಟಲಿಯೊಂದು 1,05,000 ಪೌಂಡಿಗೆ ಹೋಯಿತು. ಅಮೆರಿಕದ ಅಧ್ಯಕ್ಷ ಜೆಫರ್ಸನ್‌ರ ಹೆಸರಿನ ಅಕ್ಷರಗಳು ಅದರ ಮೇಲೆ ಕೊರೆದಿದ್ದವು. ಕೊಂಡವರು ಪ್ರದರ್ಶನಕ್ಕಿಟ್ಟರು, ದೀಪದ ಶಾಖಕ್ಕೆ ಬಿರಡೆ ಒಣಗಿ ಬಾಟಲಿಯೊಳಗೇ ಬಿತ್ತು. ಅದೇ ಮೂಲದ ಬೇರೆ ಬಾಟಲಿಗಳನ್ನು ಕೊಂಡಿದ್ದ ಉದ್ಯಮಿ ಬಿಲ್ ಕೋಕ್‌ಗೆ ಆಮೇಲೆ ಅನುಮಾನ ಬಂತು. ಬೋರ್ಡೊದ ಭೌತವಿಜ್ಞಾನಿ ಫಿಲಿಪ್ ಹ್ಯೂಬೆರ್ ಬಾಟಲಿ ತೆರೆಯದೆಯೇ ಒಳಗಿನ ಸೀಸಿಯಂ-137ನ್ನು ಅಳೆಯುವ ವಿಧಾನ ಕಂಡುಹಿಡಿದಿದ್ದರು. ಕೈಗಾದ ನೆರೆಯವರಿಗೆ ಈ ಹೆಸರು ಹೊಸದಲ್ಲ. ಸ್ಥಾವರದ ಸುತ್ತಲಿನ ನೀರು, ಮಣ್ಣು, ಮೀನುಗಳ ಮಾದರಿಗಳಲ್ಲಿ ಅಲ್ಲಿಯ ಪರಿಸರ ಸಮೀಕ್ಷಾ ಪ್ರಯೋಗಾಲಯ ಹುಡುಕಿ ಅಳೆಯುವ ವಸ್ತುಗಳಲ್ಲಿ ಅದೂ ಒಂದು. ಪ್ರಕೃತಿಯಲ್ಲಿ ತಾನಾಗಿ ಇಲ್ಲದ ಈ ವಸ್ತು ಅಣುಬಾಂಬಿನ ಕಾಲದ ನಂತರ ಗಾಳಿಯಲ್ಲಿ ಹರಡಿ, ದ್ರಾಕ್ಷಿಗೂ ಸೂಕ್ಷ್ಮ ಪ್ರಮಾಣದಲ್ಲಿ ಸೇರಿತು. ಅದಕ್ಕೆ ಮುಂಚಿನ ವೈನಿನಲ್ಲಿ ಅದು ಇರಲಾರದು. ಕೋಕ್‌ರ ಬಾಟಲಿಯಲ್ಲಿ ಸೀಸಿಯಂ ಸಿಗಲಿಲ್ಲ. ಅಂದರೆ ವೈನು ಅಣುಯುಗಕ್ಕಿಂತ ಹಿಂದಿನದು ಎಂಬಷ್ಟೇ ತೀರ್ಮಾನವಾಯಿತು, 1787ರದೆಂದು ಅಲ್ಲ. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಗಾಜಿನ ಮೇಲಿನ ಕೆತ್ತನೆ. ವಿದ್ಯುತ್ ಉಪಕರಣದಿಂದ ಕೊರೆದ ಗುರುತುಗಳೆಂದು ತಜ್ಞರು ಹೇಳಿದರು. ಇಷ್ಟು ದಿನ ಅವನ್ನು ಬಾಯಿಂದ, ಮೂಗಿಂದ ಪ್ರಮಾಣೀಕರಿಸಿದವರು ಜಗತ್ತಿನ ಹೆಸರಾಂತ ಪರಿಣತರೇ ಆಗಿದ್ದರು.

ಹಾಗಾದರೆ ಇಲ್ಲಿಯ ಓದುಗ ಈ ವಿದ್ಯೆಯನ್ನು ಎಲ್ಲಿ ಕಲಿಯಬೇಕು? ಹಳೆಯ ಬೋರ್ಡೊಗೆ ಹೋಗಬೇಕಾಗಿಲ್ಲ. ಆಮದು ವೈನಿನ ಮೇಲೆ ಕೇಂದ್ರದ ಸುಂಕವೇ ಬಹುಕಾಲ ಶೇ 150 ಇತ್ತು, ಮೇಲೆ ರಾಜ್ಯದ ತೆರಿಗೆ. ದೊಡ್ಡಬಳ್ಳಾಪುರದ ಬಳಿ ನಂದಿ ಬೆಟ್ಟದ ತಪ್ಪಲಿನಲ್ಲಿ 1980ರ ದಶಕದ ಕೊನೆಗೆ ಉದ್ಯಮಿ ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳನ್ನು ನೆಟ್ಟರು. 1990ರ ದಶಕದ ನಡುವಿನಿಂದ ಪೊಮೆರೋಲ್‌ನ ವೈನ್ ತಜ್ಞ ಮಿಶೆಲ್ ರೋಲಾಂ ಗ್ರೋವರ್‌ಗೆ ಸಲಹೆಗಾರರಾದರು. ಕ್ಯಾಬರ್ನೆ ಸಾವಿನ್ಯೋನ್ ಮತ್ತು ಶಿರಾಜ್ ಬೆರೆಸಿದ ಅವರ ‘ಲಾ ರಿಸರ್ವ್’ ಬೋರ್ಡೊದ ದಾರಿ ಹಿಡಿದು ಮಾಡಿದ ಕನ್ನಡ ನೆಲದ ವೈನು. ಹಂಪಿ ಕಡೆ ಕೃಸ್ಮಾ ಎಂಬ ತೋಟವೂ ಕ್ಯಾಬರ್ನೆ ಬೆಳೆಯುತ್ತದೆ. 2007ರ ದ್ರಾಕ್ಷಾರಸ ನೀತಿಯ ನಂತರ ರಾಜ್ಯದಲ್ಲಿ ಇಂಥ ಘಟಕಗಳು ಹೆಚ್ಚಾದವು. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ವರ್ಷಕ್ಕೆ ಎರಡು ಬಾರಿ ಸವರಿ, ಕೊಯ್ಲನ್ನು ಬೇಸಿಗೆಯ ಮೊದಲಿಗೆ ತಂದುಕೊಳ್ಳುತ್ತಾರೆ. ಹಣ್ಣು ಬೇಗ ಸಕ್ಕರೆಯಾಗುತ್ತದೆ, ಹುಳಿ ಬೇಗ ಇಳಿಯುತ್ತದೆ. ಹುಳಿಯೇ ವೈನಿನ ಆಯುಸ್ಸಿನ ಆಧಾರ, ಆದ್ದರಿಂದ ನಮ್ಮವು ಬೋರ್ಡೊದಷ್ಟು ಬಾಳುವವಲ್ಲ. ಅದು ಕೀಳರಿಮೆಯ ಮಾತಲ್ಲ, ನೆಲ ಮತ್ತು ಹವೆಯ ಲೆಕ್ಕ.

ಕುಡಿಯುವ ಅಭ್ಯಾಸವಿರುವ ನಾಲ್ಕು ಜನ ಕೂಡಿ, ಬೇರೆ ಬೇರೆ ವರ್ಷದ ಎರಡು ನಂದಿ ಬಾಟಲಿಗಳನ್ನು ಕಾಗದದಲ್ಲಿ ಸುತ್ತಿ ಅಕ್ಕಪಕ್ಕ ಇಟ್ಟು, ಯಾವುದು ಹಳೆಯದೆಂದು ಅಂಚಿನ ಬಣ್ಣ, ವಾಸನೆ, ಒಗರಿನಿಂದ ಹೇಳಲು ಪ್ರಯತ್ನಿಸಿ. ಕಂಡದ್ದನ್ನು ಒಬ್ಬರಿಗೊಬ್ಬರು ಹೇಳುವ ಮೊದಲು ಬರೆದಿಡಿ. ಒಂದು ಸಂಜೆಯಲ್ಲಿ ಸಿಗುವ ಪಾಠ ಹತ್ತು ಪುಸ್ತಕಕ್ಕಿಂತ ಹೆಚ್ಚು. ಕರಾವಳಿಯಲ್ಲಿ ವೈನ್ ಸಂಗ್ರಹಿಸುವ ಯಂತ್ರವಿಲ್ಲದ ಮನೆಯಲ್ಲಿ ನಮ್ಮ ರಾಜ್ಯದ ಕೆಂಪು ವೈನನ್ನು ಕೊಂಡ ವರ್ಷದಲ್ಲೇ ಮುಗಿಸುವುದು ಒಳ್ಳೆಯದು. ಒಳ್ಳೆಯ ಬೋರ್ಡೊ ಆದರೂ ಎರಡು ಬೇಸಿಗೆಗಿಂತ ಹೆಚ್ಚು ಇಡಬೇಡಿ.